ಜರ್ಮನ್ ಪರೀಕ್ಷೆ ಪಾಸಾದೆ, ಅತ್ತೆ ಮನೆಯ ಮಾತು ಇನ್ನೂ ಅರ್ಥವಾಗುತ್ತಿಲ್ಲ

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಕಡೆಯವಳು. ಮದುವೆಯಾಗಿ ಮೂರು ವರ್ಷ. ಗಂಡ ಜರ್ಮನ್. ಬೆಂಗಳೂರಿನಲ್ಲಿ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆವು, ಪರಿಚಯ ಅಲ್ಲೇ ಆಗಿದ್ದು. ಈಗ ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ, ರಾಯ್ಟ್ಲಿಂಗೆನ್ ಹತ್ತಿರದ ಒಂದು ಸಣ್ಣ ಊರಿನಲ್ಲಿದ್ದೇವೆ. ಅವರ ಅಮ್ಮನ ಮನೆ ಇಲ್ಲಿಂದ ನಡೆದರೆ ಹತ್ತು ನಿಮಿಷ.

ವೀಸಾಕ್ಕೆ ಎ1, ಅಂದರೆ ಜರ್ಮನ್‌ನ ಮೊದಲ ಹಂತದ ಪರೀಕ್ಷೆ, ಬೇಕಿತ್ತು, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆದೆ. ಇಲ್ಲಿಗೆ ಬಂದ ಮೇಲೆ ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಸೇರಿದೆ. 600 ಗಂಟೆ ಭಾಷೆ, 100 ಗಂಟೆ ದೇಶದ ಇತಿಹಾಸ, ಕಾನೂನು. ಬಿ1, ಅಂದರೆ ಮೂರನೇ ಹಂತ, ಪಾಸಾದೆ. ಅಂಗಡಿ, ಡಾಕ್ಟರ್, ಬ್ಯಾಂಕು ಎಲ್ಲ ಕಡೆ ಜರ್ಮನ್‌ನಲ್ಲೇ ಮಾತಾಡಿಕೊಂಡು ಬರುತ್ತೇನೆ.

ಆದರೆ ಭಾನುವಾರ ಅತ್ತೆ ಮನೆಯ ಊಟಕ್ಕೆ ಕೂತರೆ ನನಗೆ ಏನೂ ಅರ್ಥವಾಗುವುದಿಲ್ಲ. ಅವರು ಮಾತಾಡುವುದು ಸ್ವೇಬಿಷ್, ಈ ಸೀಮೆಯ ಜರ್ಮನ್. ಮಾವ, ನಾದಿನಿ, ಅವರ ಮಕ್ಕಳು ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಯಾರೋ ಏನೋ ಹೇಳುತ್ತಾರೆ, ಎಲ್ಲರೂ ನಗುತ್ತಾರೆ, ಆಮೇಲೆ ನನ್ನ ಗಂಡ ಇಂಗ್ಲಿಷ್‌ನಲ್ಲಿ ವಿವರಿಸುತ್ತಾರೆ. ಅಷ್ಟು ಹೊತ್ತಿಗೆ ಬೇರೆಯವರು ಮುಂದಿನ ಮಾತಿಗೆ ಹೋಗಿರುತ್ತಾರೆ. ನಾನು ಒಬ್ಬಳೇ ತಡವಾಗಿ ನಗುತ್ತೇನೆ.

ಅತ್ತೆ ಒಳ್ಳೆಯವರು. ನನಗಾಗಿ ಮಾಂಸ ಇಲ್ಲದ ಅಡುಗೆ ಬೇರೆ ಮಾಡುತ್ತಾರೆ. ಆದರೆ ನಾನು ಪಕ್ಕದಲ್ಲೇ ಕೂತಿದ್ದರೂ ಮಗನ ಕಡೆ ತಿರುಗಿ 'ಅವಳಿಗೆ ಕಾಫಿ ಬೇಕಾ' ಅಂತ ಕೇಳುತ್ತಾರೆ. ಆ ಒಂದು ಮಾತು ಅರ್ಥವಾಗುತ್ತದೆ ನೋಡಿ, ಅದೇ ಬೇಜಾರು.

ಮನೆಯಲ್ಲಿ ನಾವಿಬ್ಬರೂ ಇಂಗ್ಲಿಷ್. ಎಷ್ಟೋ ಸಲ 'ನಾಳೆಯಿಂದ ಜರ್ಮನ್' ಅಂದುಕೊಂಡಿದ್ದೇವೆ. ಅರ್ಧ ಗಂಟೆಯೂ ನಡೆಯುವುದಿಲ್ಲ. ನಾನು ತಡವರಿಸುತ್ತೇನೆ, ಅವರು ತಿದ್ದುತ್ತಾರೆ, ನನಗೆ ಸಿಟ್ಟು ಬರುತ್ತದೆ. ಇದನ್ನು ದಾಟಿದವರು ಹೇಗೆ ದಾಟಿದಿರಿ? ಅವರು ಕನ್ನಡ ಕಲಿಯಲಿ ಅಂತ ನಾನು ಹಟ ಹಿಡಿಯಬಹುದಾ? ನನ್ನ ಅಮ್ಮ ಫೋನಿನಲ್ಲಿ ಅಳಿಯನ ಹತ್ತಿರ 'ಊಟ ಆಯ್ತಾ' ಬಿಟ್ಟು ಇನ್ನೊಂದು ಮಾತು ಆಡಿಲ್ಲ.

ನೆಕ್ಕರ್_ನದಿ

ನಾನು ಎಸ್ಲಿಂಗೆನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಿಮ್ಮ ಭಾನುವಾರದ ಊಟ ಓದಿ ನನ್ನ ಮೊದಲ ನಾಲ್ಕು ವರ್ಷ ನೆನಪಾಯಿತು.

ನೇರವಾಗಿ ಹೇಳುತ್ತೇನೆ. ಅತ್ತೆ ಮನೆಗೆ ಗಂಡನನ್ನು ಬಿಟ್ಟು ಒಬ್ಬರೇ ಹೋಗಿ. ವಾರಕ್ಕೆ ಒಂದು ಸಲ, ಒಂದು ಗಂಟೆ ಸಾಕು. ಅವರು ಪಕ್ಕದಲ್ಲಿದ್ದರೆ ಅತ್ತೆಗೂ ಸುಲಭ, ನಿಮಗೂ ಸುಲಭ, ಹಾಗಾಗಿ ನೀವಿಬ್ಬರೂ ಎಂದೂ ಎದುರುಬದುರು ಮಾತಾಡುವುದೇ ಇಲ್ಲ. ಮಗನ ಕಡೆ ತಿರುಗಿ ಕೇಳುವುದು ನಿಮ್ಮನ್ನು ದೂರ ಇಡೋಕೆ ಅಲ್ಲ. ಅವರಿಗೂ ಹೆದರಿಕೆ. ನಿಮಗೆ ಅರ್ಥವಾಗದೆ ನಿಮಗೆ ಅವಮಾನ ಆಗಿಬಿಟ್ಟರೆ ಅಂತ. ನಮ್ಮತ್ತೆ ಇದನ್ನು ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದು ಏಳನೇ ವರ್ಷದಲ್ಲಿ.

ಎರಡನೆಯದು, ಸುಮ್ನೆ ಕಾಫಿಗೆ ಹೋಗಬೇಡಿ. ಕೈಗೆ ಕೆಲಸ ಇರಬೇಕು. ಕೈ ಕೆಲಸ ಮಾಡುತ್ತಿದ್ದರೆ ಮಾತಿನ ನಡುವೆ ಸುಮ್ಮನಿರುವುದು ಯಾರಿಗೂ ಭಾರ ಆಗುವುದಿಲ್ಲ, ಮತ್ತೆ ಮಾತೆಲ್ಲ ಕಣ್ಣೆದುರಿಗೆ ಇರುವ ವಸ್ತುವಿನ ಬಗ್ಗೆಯೇ ಇರುತ್ತದೆ, ಅರ್ಧ ಅರ್ಥ ನೋಡಿಯೇ ಆಗಿಬಿಡುತ್ತದೆ. ನಾನು ಶುರು ಮಾಡಿದ್ದು ಷ್ಪೆಟ್ಸ್‌ಲೆಯಿಂದ. ಮೈದಾ, ಮೊಟ್ಟೆ, ನೀರು ಕಲಸಿ, ತೂತಿನ ಒರಳಿನಲ್ಲಿ ಹಾಕಿ ಕುದಿಯುವ ನೀರಿಗೆ ಒತ್ತುತ್ತಾರೆ. ನಮ್ಮ ಶ್ಯಾವಿಗೆ ಒರಳಿನ ಹಾಗೇ ಇರುವುದು ನೋಡಿ ನನಗೆ ಆಶ್ಚರ್ಯವಾಯಿತು. ಮುಂದಿನ ಸಲ ಊರಿಂದ ಬರುವಾಗ ನಮ್ಮ ಒರಳು ತಂದು ತೋರಿಸಿದೆ. ನಾವು ಮೊದಲು ಬೇಯಿಸಿ ಆಮೇಲೆ ಒತ್ತುತ್ತೇವೆ, ನೀವು ಹಸಿ ಹಿಟ್ಟು ಒತ್ತಿ ಆಮೇಲೆ ಬೇಯಿಸುತ್ತೀರಿ ಅಂತ ವಿವರಿಸುವಷ್ಟರಲ್ಲಿ 'ಮೊದಲು', 'ಆಮೇಲೆ', 'ಬೇಯಿಸು', 'ಒತ್ತು' ಎಲ್ಲ ಸ್ವೇಬಿಷ್‌ನಲ್ಲಿ ಬಾಯಿಗೆ ಬಂದಿತ್ತು.

ಇನ್ನು ಸ್ವೇಬಿಷ್ ಬಗ್ಗೆ. ಅದನ್ನು ಬೇರೆ ಭಾಷೆ ಅಂತ ಹೆದರಬೇಡಿ. ಕೆಲವು ಪದಗಳ ಅರ್ಥ ಮಾತ್ರ ಬೇರೆ. ಕ್ಲಾಸಿನಲ್ಲಿ 'ಹೇಬೆನ್' ಅಂದರೆ ಎತ್ತು ಅಂತ ಕಲಿಸಿರುತ್ತಾರೆ. ಇಲ್ಲಿ ಅದು 'ಹಿಡಿದುಕೋ'. ಕ್ಲಾಸಿನಲ್ಲಿ 'ಟೆಪ್ಪಿಷ್' ಅಂದರೆ ನೆಲದ ಜಮಖಾನ. ಇಲ್ಲಿ ಹೊದೆಯುವ ಕಂಬಳಿಗೂ ಅದೇ. ನಮ್ಮಲ್ಲೂ ಕಂಬಳಿ ಹಾಸೋಕೂ ಆಗುತ್ತದೆ, ಹೊದೆಯೋಕೂ ಆಗುತ್ತದೆ ಅಲ್ವಾ. ಪುಸ್ತಕದಲ್ಲಿ 'ಫೂಸ್' ಅಂದರೆ ಪಾದ. ಇಲ್ಲಿ ಸೊಂಟದಿಂದ ಕೆಳಗೆ ಪೂರ್ತಿ ಫೂಸ್. ನಮ್ಮ 'ಕಾಲು' ಹಾಗೇ. ಜಾಮ್‌ಗೆ 'ಗ್ಸೆಲ್ಟ್ಸ್'. ಏನೇ ಚಿಕ್ಕದಿದ್ದರೂ, ಮುದ್ದಿನದಾದರೂ ಕೊನೆಗೆ ಒಂದು 'ಲೆ'. ಇಷ್ಟು ಗೊತ್ತಿದ್ದರೆ ಊಟದ ಮೇಜಿನ ಮಾತು ಬಿಡಿಬಿಡಿಯಾಗಿ ಕೇಳಿಸಲು ಶುರುವಾಗುತ್ತದೆ.

ತುಮಕೂರಿನವಳು

ನನ್ನ ಅಭಿಪ್ರಾಯ ಬೇರೆ. ನಾನು ಬರ್ಲಿನ್‌ನಲ್ಲಿದ್ದೇನೆ. ಗಂಡ, ನಾನು ಇಬ್ಬರೂ ಇಂಗ್ಲಿಷ್‌ನಲ್ಲೇ ಮಾತಾಡುತ್ತೇವೆ, ಚೆನ್ನಾಗಿಯೇ ಇದ್ದೇವೆ.

ಕಲಿಯುವ ಭಾರ ಯಾವಾಗಲೂ ಊರು ಬಿಟ್ಟು ಬಂದವರ ಮೇಲೇ ಏಕೆ? ಮದುವೆಯಾಗಿ ಬರುವವರಿಗೆ ಎ1 ಬೇಕು ಅಂತ ನಿಯಮ ಬಂದದ್ದು 2007ರಲ್ಲಿ. ಅಂದಿನಿಂದ ಗಂಡ ಹೆಂಡತಿ ಒಟ್ಟಿಗೆ ಇರೋಕೂ ಒಬ್ಬರು ಮೊದಲು ಪರೀಕ್ಷೆ ಪಾಸಾಗಬೇಕು. ಇನ್ನೊಬ್ಬರಿಗೆ ಅಂಥ ಪರೀಕ್ಷೆ ಇಲ್ಲ. ಹೇಮಾವತಿ ಅವರು 600 ಗಂಟೆ ಕೂತು ಕಲಿತಿದ್ದಾರೆ. ಅವರ ಗಂಡ ಕನ್ನಡಕ್ಕೆ ಎಷ್ಟು ಗಂಟೆ ಕೂತಿದ್ದಾರೆ ಅಂತ ಕೇಳಬೇಕು ಅನ್ನಿಸುತ್ತದೆ. ಈಗ ಅದರ ಮೇಲೆ ಸ್ವೇಬಿಷ್ ಬೇರೆ ಕಲಿಯಿರಿ ಅನ್ನುತ್ತಿದ್ದೇವೆ. ಆ ಮನೆಯವರು ವಾರಕ್ಕೆ ಒಂದು ಊಟದ ಹೊತ್ತು ನಿಧಾನವಾಗಿ, ಶಾಲೆಯ ಜರ್ಮನ್‌ನಲ್ಲಿ ಮಾತಾಡಬಹುದಲ್ಲ? ಅವರಿಗೆ ಅದು ಬರುತ್ತದೆ. ಟಿವಿ ಸುದ್ದಿ ಅದರಲ್ಲೇ ನೋಡುತ್ತಾರೆ.

ಬೇಜಾರು ಮಾಡಿಕೊಳ್ಳಬೇಡಿ, ನೊಂದು ಹೇಳುತ್ತಿದ್ದೇನೆ. ನಮ್ಮ ಹೆಣ್ಣುಮಕ್ಕಳಿಗೆ 'ಹೊಂದಿಕೊಂಡು ಹೋಗು' ಅನ್ನುವುದನ್ನು ಊರಿನಲ್ಲೇ ಸಾಕಷ್ಟು ಹೇಳಿ ಕಳಿಸಿರುತ್ತಾರೆ.

ನೆಕ್ಕರ್_ನದಿ

ತುಮಕೂರಿನವರೇ, ನೀವು ಹೇಳುವುದು ಸರಿ. ಗಂಡ ಕನ್ನಡ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನಿಧಾನವಾಗಿ ಮಾತಾಡಿ ಅಂತ ಮನೆಯವರನ್ನು ಕೇಳುವುದೂ ಸರಿ. ಆದರೆ ಎಪ್ಪತ್ತು ವರ್ಷ ಒಂದು ಮಾತಿನಲ್ಲಿ ಬದುಕಿದವರು ಊಟದ ಹೊತ್ತಿನಲ್ಲಿ ಬೇರೆ ಮಾತಿಗೆ ಬದಲಾದರೆ ಐದು ನಿಮಿಷಕ್ಕೆ ಮರೆತುಬಿಡುತ್ತಾರೆ. ನಮ್ಮಜ್ಜಿಗೆ ಪಠ್ಯಪುಸ್ತಕದ ಕನ್ನಡದಲ್ಲಿ ಮಾತಾಡಜ್ಜಿ ಅಂದಿದ್ದರೆ ಅಜ್ಜಿ ಮಾತೇ ನಿಲ್ಲಿಸಿಬಿಡುತ್ತಿದ್ದರು.

ನಾನು ಕಲಿತದ್ದು ಹೊಂದಿಕೊಳ್ಳೋಕೆ ಅಲ್ಲ. ಆ ಮನೆಯಲ್ಲಿ ಜಗಳ ಆಡೋಕೂ ನನಗೆ ಮಾತು ಬೇಕಿತ್ತು. ಇಂಗ್ಲಿಷ್‌ನಲ್ಲಿ ನಾನು ಗಂಡನ ಮೂಲಕ ದೂರು ಹೇಳುವವಳು. ಅವರ ಮಾತಿನಲ್ಲಿ 'ಇಲ್ಲ, ಮಗುವಿಗೆ ಈಗ ಅದು ಬೇಡ' ಅಂತ ನಾನೇ ಹೇಳಬಲ್ಲೆ. ಇವೆರಡರ ನಡುವೆ ತುಂಬ ವ್ಯತ್ಯಾಸ ಇದೆ.

ಶಿರಸಿ_ಮಾಣಿ

ನಂದು ಉಲ್ಟಾ ಕಥೆ. ನಾನು ಶಿರಸಿ ಕಡೆಯ ಹವ್ಯಕ. ಹೆಂಡತಿ ಜರ್ಮನ್, ಹ್ಯಾಂಬರ್ಗ್ ಹತ್ತಿರದವಳು. ಮದುವೆಗೆ ಮುಂಚೆಯೇ ಕನ್ನಡ ಕಲಿಯೋಕೆ ಶುರು ಮಾಡಿದಳು. ಅಕ್ಷರ, ವ್ಯಾಕರಣ, ವಿಭಕ್ತಿ ಎಲ್ಲ ನನಗಿಂತ ಚೆನ್ನಾಗಿ ಗೊತ್ತು. 'ನಾನು ಬರುತ್ತೇನೆ, ಅವರು ಬರುತ್ತಾರೆ' ಅಂತ ಅಚ್ಚುಕಟ್ಟಾಗಿ ಮಾತಾಡುತ್ತಾಳೆ. ಮೊದಲ ಸಲ ಊರಿಗೆ ಬಂದಾಗ ನಮ್ಮ ಆಯಿ (ಅಮ್ಮ) 'ಆಸ್ರಿಗೆ ಎಂತ ಬೇಕು' ಅಂತ ಕೇಳಿದರು. ಇವಳು ನನ್ನ ಮುಖ ನೋಡಿದಳು. ಕುಡಿಯೋಕೆ ಏನು ಬೇಕು ಅಂತ ಕೇಳಿದ್ದು. ಎರಡು ವರ್ಷ ಕಲಿತ ಕನ್ನಡದಲ್ಲಿ ಆ ಪದ ಬಂದೇ ಇರಲಿಲ್ಲ. ಅವತ್ತು ರಾತ್ರಿ ಅತ್ತಳು. ಹೇಮಾವತಿ ಅವರೇ, ನಿಮ್ಮ ಭಾನುವಾರ ಹೇಗಿರುತ್ತದೆ ಅಂತ ನನಗೆ ಅವಳನ್ನು ನೋಡಿ ಗೊತ್ತು.

ನೆಕ್ಕರ್ ಅಕ್ಕ ಹೇಳಿದ ಕೈಕೆಲಸದ ಮಾತು ನಮ್ಮ ಮನೆಯಲ್ಲೂ ನಿಜವಾಯಿತು. ಮರುವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಮೂರು ವಾರ ಬಂದಳು. ರಾತ್ರಿ ಎಲ್ಲರೂ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುತ್ತಾರೆ. ಸುಲಿಯುತ್ತಾ ಊರ ಸುದ್ದಿಯೆಲ್ಲ ಬರುತ್ತದೆ. ಅದೇ ಸುದ್ದಿ ಮಾರನೆ ದಿನ ಇನ್ನೊಬ್ಬರ ಬಾಯಲ್ಲಿ ಮತ್ತೆ ಬರುತ್ತದೆ. ಅವಳಿಗೆ ಒಂದೇ ಕಥೆ ನಾಲ್ಕು ಸಲ ಕೇಳಿಸಿತು, ನಾಲ್ಕನೇ ಸಲಕ್ಕೆ ಅರ್ಥವಾಯಿತು. ನಾನು ಆ ಮೂರು ವಾರ ಬೇಕಂತಲೇ ತೋಟದಲ್ಲಿ ಇರುತ್ತಿದ್ದೆ.

ಒಂದು ವಿಷಯ ಅವಳಿಗೆ ಬಹಳ ಇಷ್ಟವಾಯಿತು. ನಮ್ಮ ಹವ್ಯಕ ಮಾತಿನಲ್ಲಿ ಹೆಂಗಸರಿಗೂ 'ಬಂತು', 'ಹೋತು' ಅನ್ನುತ್ತೇವೆ. 'ಅತ್ತೆ ಬಂತು'. ಬೇರೆ ಕಡೆಯ ಕನ್ನಡದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇವಳಿಗೆ ಅನ್ನಿಸಲಿಲ್ಲ. ಜರ್ಮನ್‌ನಲ್ಲಿ 'ಮೇಡ್ಶೆನ್', ಅಂದರೆ ಹುಡುಗಿ, ನಪುಂಸಕಲಿಂಗವೇ ಅಂತೆ.

ಇನ್ನೊಂದು. ಹೊರಡುವಾಗ ಅವಳು ಮೊದಲೆಲ್ಲ 'ನಾನು ಹೋಗುತ್ತೇನೆ' ಅನ್ನುತ್ತಿದ್ದಳು. ವ್ಯಾಕರಣ ಸರಿಯಾಗೇ ಇದೆ. ಆದರೆ ಆಯಿಯ ಮುಖ ಸಣ್ಣದಾಗುತ್ತಿತ್ತು. 'ಹೋಗಿ ಬರ್ತೇನೆ' ಅನ್ನಬೇಕು ಅಂತ ಯಾವ ಪುಸ್ತಕವೂ ಅವಳಿಗೆ ಹೇಳಿರಲಿಲ್ಲ, ನನಗೂ ಹೇಳಬೇಕು ಅಂತ ಹೊಳೆದಿರಲಿಲ್ಲ. ನಮ್ಮ ಭಾಷೆಯಲ್ಲಿ ನಮಗೆ ಏನೇನು ಗೊತ್ತಿದೆ ಅನ್ನುವುದೇ ನಮಗೆ ಗೊತ್ತಿರುವುದಿಲ್ಲ. ಅದಕ್ಕೇ ಗಂಡ ಆಗಲಿ ಹೆಂಡತಿ ಆಗಲಿ ಒಳ್ಳೆಯ ಮೇಷ್ಟ್ರು ಆಗೋದಿಲ್ಲ.

ನಮ್ಮಲ್ಲಿ 'ನಾವು' ಅನ್ನೋದಕ್ಕೆ ಎರಡು ಪದ ಇದೆ. 'ಯಂಗ' ಅಂದರೆ ನಾವು, ಕೇಳುತ್ತಿರುವ ನಿನ್ನನ್ನು ಬಿಟ್ಟು. 'ನಂಗ' ಅಂದರೆ ನಿನ್ನನ್ನೂ ಸೇರಿಸಿ. ಮೂರನೇ ವರ್ಷ ಆಯಿ ಅವಳ ಹತ್ತಿರ ಮಾತಾಡುತ್ತಾ 'ನಂಗಳ ಮನೆ' ಅಂದರು. ಆಯಿಗೆ ತಾನು ಹಾಗೆ ಅಂದದ್ದು ಗಮನಕ್ಕೇ ಬಂದಿಲ್ಲ. ನಾನೂ ಗಮನಿಸಲಿಲ್ಲ. ಅವಳು ಗಮನಿಸಿದಳು.

ಹೇಮಾವತಿ_ದಂಡೆ

ಶಿರಸಿ ಅಣ್ಣ, ಇದನ್ನು ಗಂಡನಿಗೆ ಇಂಗ್ಲಿಷ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ತುಮಕೂರಿನ ಅಕ್ಕನ ಪ್ರಶ್ನೆಯನ್ನೂ ಕೇಳಿದೆ, ಎಷ್ಟು ಗಂಟೆ ಕೂತಿದ್ದೀರಿ ಅಂತ. ಅದಕ್ಕೂ ಸುಮ್ಮನಿದ್ದರು.

ನನ್ನ ಇನ್ನೊಂದು ತೊಂದರೆ ಹೇಳುತ್ತೇನೆ. ಅತ್ತೆ 'ನಿನಗೆ ಇನ್ನು ಬೇಡವಾ' ಅಂತ ಕೇಳುತ್ತಾರೆ. ನಾನು 'ಹೂಂ' ಅನ್ನುತ್ತೇನೆ, 'ಯಾ' ಅಂತ. ತಟ್ಟೆಗೆ ಇನ್ನೊಂದು ಸೌಟು ಬೀಳುತ್ತದೆ. ಪ್ರತಿ ಸಲ ಹೀಗೇ.

ಒಂಟಿಕೊಪ್ಪಲ್_ಟೀಚರ್

ಮೈಸೂರಿನಲ್ಲಿ ಜರ್ಮನ್ ಪಾಠ ಹೇಳುತ್ತೇನೆ. ಇದು ನನ್ನ ಎಲ್ಲ ಕನ್ನಡದ ವಿದ್ಯಾರ್ಥಿಗಳಿಗೂ ಆಗುವುದೇ. ಕನ್ನಡದಲ್ಲಿ 'ಬೇಡ್ವಾ' ಅಂದರೆ 'ಹೂಂ, ಬೇಡ' ಅನ್ನುತ್ತೇವೆ. ಕೇಳಿದವರ ಮಾತಿಗೆ ಒಪ್ಪಿಗೆ ಕೊಡುತ್ತೇವೆ. ಜರ್ಮನ್‌ನಲ್ಲಿ ಬೇಡವಾದರೆ 'ನೈನ್' ಅನ್ನಬೇಕು. ಬೇಕು ಅಂತಾದರೆ 'ದೋಖ್' ಅನ್ನಬೇಕು, ಅಂದರೆ 'ಹಾಗಲ್ಲ, ಬೇಕು' ಅಂತ. 'ಯಾ' ಅಂದರೆ ಕೇಳಿದವರಿಗೆ ಗೊಂದಲ, ಕೊನೆಗೆ ಬೇಕು ಅಂತಲೇ ತಿಳಿಯುತ್ತಾರೆ. ಎರಡು ವಾರ ಊಟದಲ್ಲಿ ಇದೊಂದನ್ನೇ ಗಮನಿಸಿ.

ಇದರ ಜೊತೆಗೆ ಒಂದು ಮಾತು. ಜರ್ಮನ್ ಅನ್ನು ಇಂಗ್ಲಿಷ್ ಮೂಲಕ ಕಲಿಯಬೇಡಿ, ಕನ್ನಡದ ಮೂಲಕ ಕಲಿಯಿರಿ. ಇಂಗ್ಲಿಷ್‌ನಲ್ಲಿ ಚಳಿಯಾದರೆ 'ಐ ಆಮ್ ಕೋಲ್ಡ್'. ಜರ್ಮನ್‌ನಲ್ಲಿ 'ಮಿಯರ್ ಇಸ್ಟ್ ಕಾಲ್ಟ್'. ಪದಕ್ಕೆ ಪದ ಇಟ್ಟರೆ 'ನನಗೆ ಚಳಿ'. ಚತುರ್ಥಿ ವಿಭಕ್ತಿ, ನಮ್ಮ 'ಗೆ' ಪ್ರತ್ಯಯ. 'ದಾಸ್ ಗೆಫೆಲ್ಟ್ ಮಿಯರ್' ಅಂದರೆ 'ಅದು ನನಗೆ ಹಿಡಿಸಿತು'. ಇಂಗ್ಲಿಷ್ ಮಾತ್ರ ಬಲ್ಲವರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ, ನಮ್ಮ ಮಕ್ಕಳಿಗೆ ಒಂದು ದಿನದ ಪಾಠ. 'ವೈಲ್' (ಯಾಕೆಂದರೆ), 'ದಸ್' (ಅಂತ) ಬಂದ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮದರ ಹಾಗೆ. 'ನೀನು', 'ನೀವು' ಇದ್ದ ಹಾಗೆ ಅಲ್ಲೂ 'ಡು', 'ಜೀ' ಇದೆ. ಯಾವಾಗ ಯಾವುದು ಅನ್ನುವುದು ಮಾತ್ರ ಬೇರೆ. ಅಲ್ಲಿ ಅತ್ತೆಗೂ 'ಡು' ಅನ್ನುತ್ತಾರೆ, ಹೆಸರು ಹಿಡಿದೇ ಕರೆಯುತ್ತಾರೆ. ನಮ್ಮ ನಾಲಿಗೆ ಅದಕ್ಕೆ ಬೇಗ ಹೊರಳುವುದಿಲ್ಲ.

ಕಷ್ಟ ಇರುವುದು ಲಿಂಗದಲ್ಲಿ. ನಮ್ಮಲ್ಲಿ ಅರ್ಥ ನೋಡಿದರೆ ಸಾಕು. ಅಲ್ಲಿ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ. ಸಂಖ್ಯೆಯೂ ಹಾಗೇ. ನಾವು ಇಪ್ಪತ್ತು ಮೊದಲು, ಒಂದು ಆಮೇಲೆ. ಅವರು 'ಒಂದು ಮತ್ತು ಇಪ್ಪತ್ತು'. ಫೋನ್ ನಂಬರ್ ಬರೆದುಕೊಳ್ಳುವಾಗ ಎಚ್ಚರ ಇರಲಿ.

ಒಸಾಕಾ_ಕನ್ನಡಿಗ

ನನ್ನ ಹೆಂಡತಿ ಜಪಾನಿನವಳು. ನನ್ನ ಅನುಭವವೂ ಟೀಚರ್ ಹೇಳಿದ್ದೇ. ಜಪಾನೀ ವಾಕ್ಯ ಕನ್ನಡದ ಜಾಡಿನಲ್ಲೇ ಹೋಗುತ್ತದೆ, ಕ್ರಿಯಾಪದ ಕೊನೆಗೆ, ಪ್ರತ್ಯಯ ಪದದ ಕೊನೆಗೆ. ತರಗತಿಯಲ್ಲಿ ಅಮೆರಿಕದವರು ತಲೆ ಕೆರೆದುಕೊಳ್ಳುವಾಗ ನಾನು ಕನ್ನಡದಲ್ಲಿ ಯೋಚಿಸಿ ಪದ ಮಾತ್ರ ಬದಲಾಯಿಸುತ್ತಿದ್ದೆ. ಅಕ್ಷರಗಳೇ ಬೆಟ್ಟ, ಅದು ಬೇರೆ ಮಾತು. ಇಲ್ಲೂ ಮಾವನ ಮನೆಯಲ್ಲಿ ಒಸಾಕಾ ಮಾತು. ಅಂಗಡಿಯಲ್ಲಿ ವಯಸ್ಸಾದವರು ಥ್ಯಾಂಕ್ಸ್ ಹೇಳೋಕೆ 'ಅರಿಗಾತೋ' ಬದಲು 'ಓಕಿನಿ' ಅಂದರೆ ಮೊದಮೊದಲು ತಬ್ಬಿಬ್ಬಾಗುತ್ತಿದ್ದೆ.

ಮನೆಯ ಭಾಷೆ ಬದಲಾಯಿಸುವುದರ ಬಗ್ಗೆ ಕೇಳಿದ್ದಿರಿ. ನಾವು ದಿನ ಪೂರ್ತಿ ಪ್ರಯತ್ನಿಸಿ ಸೋತೆವು. ಆಮೇಲೆ ಅಡುಗೆಮನೆಯಲ್ಲಿ ಮಾತ್ರ ಜಪಾನೀ, ವಾಕಿಂಗ್‌ನಲ್ಲಿ ಕನ್ನಡ ಅಂತ ಮಾಡಿಕೊಂಡೆವು. ಬೇಜಾರು, ಜಗಳ, ದುಡ್ಡಿನ ವಿಷಯ ಬಂದರೆ ಇಂಗ್ಲಿಷ್, ಯಾಕೆಂದರೆ ಅಲ್ಲಿ ತಪ್ಪು ಅರ್ಥ ಆಗಬಾರದು. ಇಬ್ಬರೂ ಕೇಳದೆ ತಿದ್ದಬಾರದು ಅಂತಲೂ ಒಪ್ಪಂದ. ಐದು ವರ್ಷದಿಂದ ನಡೆದಿದೆ.

ನೇತ್ರಾವತಿ

ರಾಯ್ಟ್ಲಿಂಗೆನ್ ಅಂದಿರಿ, ಪಕ್ಕದಲ್ಲೇ ಟ್ಯೂಬಿಂಗೆನ್ ಇದೆ. ನಮ್ಮ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಅವರ ಕನ್ನಡ ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ನೆಕ್ಕರ್ ಅಕ್ಕ, ನಿಮ್ಮ ಎಸ್ಲಿಂಗೆನ್‌ನಲ್ಲೇ 1881ರಲ್ಲಿ ಹರ್ಮನ್ ಮೊಗ್ಲಿಂಗ್ ತೀರಿಕೊಂಡದ್ದು. 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದವರು ಅವರು, ಕನ್ನಡದ ಮೊದಲ ಪತ್ರಿಕೆ. ಹುಟ್ಟಿದ್ದೂ ನೀವಿಬ್ಬರೂ ಇರುವ ಅದೇ ವುರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ.

ಇದನ್ನು ಏಕೆ ಹೇಳಿದೆ ಅಂದರೆ, ನನ್ನ ಭಾವನ ಮನೆಯವರು ಕನ್ನಡ ಅಂದರೆ ಹಿಂದಿಯ ಒಂದು ಬಗೆ ಅಂದುಕೊಂಡಿದ್ದರು. ಅಕ್ಕ ಜರ್ಮನಿಗೆ ಹೋಗಿ ನಾಲ್ಕು ವರ್ಷವಾದರೂ ಹಾಗೇ ಇತ್ತು. ನಿಮ್ಮ ಪಕ್ಕದ ಊರಿನವರೊಬ್ಬರು ನಮ್ಮ ಭಾಷೆಯಲ್ಲಿ ಪತ್ರಿಕೆ ನಡೆಸಿದರು ಅಂತ ತೋರಿಸಿದ ಮೇಲೆ ಭಾವನ ತಂದೆ ಅಕ್ಷರಮಾಲೆ ಬರೆದುಕೊಡು ಅಂತ ಕೇಳಿದರು. ನಿಮ್ಮ ಮಾವನಿಗೂ ಹೇಳಿ ನೋಡಿ.

ತುಮಕೂರಿನವಳು

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ನನಗೆ ಈಗ ಏಳನೇ ತಿಂಗಳು. ನಿಜ ಹೇಳಬೇಕೆಂದರೆ ನಾನು ಈ ಚರ್ಚೆ ಓದುತ್ತಿರುವುದೇ ಅದಕ್ಕೆ.

ನೆಕ್ಕರ್_ನದಿ

ಒಳ್ಳೆಯ ಸುದ್ದಿ! ಆರೋಗ್ಯ ನೋಡಿಕೊಳ್ಳಿ.

ನೀವು ಮಗುವಿನ ಹತ್ತಿರ ಕನ್ನಡ ಮಾತ್ರ ಆಡಿ, ಮೊದಲ ದಿನದಿಂದ. ಗಂಡ ಜರ್ಮನ್ ಮಾತ್ರ. ಒಬ್ಬರಿಗೆ ಒಂದು ಭಾಷೆ ಅನ್ನುವ ಈ ದಾರಿ ಹಳೆಯದು. ಝೂಲ್ ರೊಂಝಾ ಅಂತ ಫ್ರಾನ್ಸಿನ ಭಾಷಾ ವಿದ್ವಾಂಸರು, ಅವರ ಹೆಂಡತಿ ಜರ್ಮನ್, ಮಗನನ್ನು ಹೀಗೇ ಬೆಳೆಸಿ ಏನೇನಾಯಿತು ಅಂತ 1913ರಲ್ಲೇ ಪ್ರಕಟಿಸಿದರು. ಆದರೆ ಅವರ ಮಗನಿಗೆ ಎರಡೂ ಭಾಷೆಯ ಜನ ಸುತ್ತ ಇದ್ದರು. ನಮ್ಮ ಕನ್ನಡಕ್ಕೆ ಇಲ್ಲಿ ತಾಯಿ ಒಬ್ಬಳೇ ಗತಿ. ನನ್ನ ಮಗಳು ಮೂರು ವರ್ಷಕ್ಕೆ ಚೆನ್ನಾಗಿ ಕನ್ನಡ ಆಡುತ್ತಿದ್ದಳು, ಕಿಂಡರ್‌ಗಾರ್ಟನ್ ಸೇರಿದ ಆರು ತಿಂಗಳಿಗೆ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ. ಅವಳನ್ನು ಉಳಿಸಿದ್ದು ದಿನಾ ಸಂಜೆ ಅಜ್ಜಿಯ ವಿಡಿಯೋ ಕಾಲ್ ಮತ್ತು ಬೇಸಿಗೆಯ ಆರು ವಾರ ಊರು. ಅಜ್ಜಿಗೆ ಜರ್ಮನ್ ಬರುವುದಿಲ್ಲ, ಹಾಗಾಗಿ ಅವಳಿಗೆ ಬೇರೆ ದಾರಿ ಇರಲಿಲ್ಲ.

ಇಲ್ಲಿ ಅಪ್ಪನ ಭಾಷೆ ನಿಮಗೆ ಬರಲೇಬೇಕಾದ್ದು ಅದಕ್ಕೇ. ಮಗು ಅಪ್ಪನ ಹತ್ತಿರ ಜರ್ಮನ್ ಮಾತಾಡುವಾಗ ನೀವು ಅದೇ ಕೋಣೆಯಲ್ಲಿ ಇರುತ್ತೀರಿ. ಅಪ್ಪನಿಗೆ ಕನ್ನಡ ಬೇಕಾದ್ದೂ ಅದಕ್ಕೇ. ಇಲ್ಲದಿದ್ದರೆ ಮೂರೂ ಜನ ಸೇರಿದಾಗ ಇಂಗ್ಲಿಷ್ ಬರುತ್ತದೆ, ಮೆಲ್ಲಗೆ ಮೊದಲು ಹೋಗುವುದು ಕನ್ನಡವೇ.

ತುಮಕೂರಿನವಳು

ಇದನ್ನು ನಾನು ಯೋಚಿಸಿರಲಿಲ್ಲ. ಥ್ಯಾಂಕ್ಸ್ ಅಕ್ಕ. ನನ್ನ ಸಿಟ್ಟು ಹಾಗೇ ಇದೆ, ಆದರೂ ಸಂಜೆ ಕ್ಲಾಸಿಗೆ ಹೆಸರು ಕೊಡುತ್ತೇನೆ. ಗಂಡನಿಗೂ ಷರತ್ತು ಹಾಕಿಯೇ.

ಹೇಮಾವತಿ_ದಂಡೆ

ಐದು ವಾರವಾಯಿತು, ಏನಾಯಿತು ಅಂತ ಬರೆಯುತ್ತೇನೆ.

ಗುರುವಾರ ಗುರುವಾರ ಅತ್ತೆ ಮನೆಗೆ ಒಬ್ಬಳೇ ಹೋಗುತ್ತಿದ್ದೇನೆ. ಮೊದಲ ಸಲ ಇಬ್ಬರಿಗೂ ಕಷ್ಟವಾಯಿತು. ಇಪ್ಪತ್ತು ನಿಮಿಷಕ್ಕೆ ಮಾತು ಮುಗಿದುಹೋಗಿ, ಅವರು ರೇಡಿಯೋ ಹಾಕಿದರು. ಎರಡನೇ ವಾರ ಸ್ಟ್ರಾಬೆರಿ ಗ್ಸೆಲ್ಟ್ಸ್ ಮಾಡಿದೆವು. ಬಿಸಿ ಬಾಟಲಿ ಕೊಟ್ಟು 'ಹೇಬ್' ಅಂದರು. ನೆಕ್ಕರ್ ಅಕ್ಕ ಹೇಳಿರದಿದ್ದರೆ ನಾನು ಎತ್ತುತ್ತಿದ್ದೆ, ಈಗ ಗಟ್ಟಿಯಾಗಿ ಹಿಡಿದುಕೊಂಡೆ, ಅವರು ಮುಚ್ಚಳ ತಿರುಗಿಸಿದರು. ಮೂರನೇ ವಾರ ತಮ್ಮ ತಾಯಿಯ ಬಗ್ಗೆ ಹೇಳಿದರು. ಪೂರ್ತಿ ಅರ್ಥವಾಗಲಿಲ್ಲ. ಯುದ್ಧ, ಹಸಿವು, ಆಲೂಗಡ್ಡೆ ಇಷ್ಟು ಗೊತ್ತಾಯಿತು. ಮನೆಗೆ ಬಂದು ಗಂಡನನ್ನು ಕೇಳಿದರೆ ಅವರಿಗೂ ಆ ಕಥೆ ಗೊತ್ತಿರಲಿಲ್ಲ.

ಮೊನ್ನೆ ನನ್ನ ಫೋನಿಗೆ ಕಾಲ್ ಮಾಡಿದ್ದರು. ಮೂರು ವರ್ಷದಲ್ಲಿ ಮೊದಲ ಸಲ, ಯಾವಾಗಲೂ ಮಗನ ಫೋನಿಗೇ ಮಾಡುವುದು. ಚೆರ್ರಿ ಹಣ್ಣಾಗಿದೆ, ಏಣಿ ಹಿಡಿಯೋಕೆ ಒಬ್ಬರು ಬೇಕು, ಬರುತ್ತೀಯಾ ಅಂದರು. ನಾನು ಇಂಗ್ಲಿಷ್ ಒಂದು ಪದವೂ ಬಳಸದೆ ಫೋನ್ ಇಟ್ಟೆ.

ಗಂಡ ಕನ್ನಡ ಶುರು ಮಾಡಿದ್ದಾರೆ. ಡುಯೋಲಿಂಗೋದಲ್ಲಿ ಕನ್ನಡ ಇಲ್ಲ, ಅದಕ್ಕೆ ನಾನೇ ಚೀಟಿ ಬರೆದು ಫ್ರಿಜ್‌ಗೆ, ಬಾಗಿಲಿಗೆ ಅಂಟಿಸಿದ್ದೇನೆ. ಹಾಲು, ಹಾಳು ಎರಡೂ ಅವರಿಗೆ ಒಂದೇ ಕೇಳಿಸುತ್ತದೆ. ಶಿರಸಿ ಅಣ್ಣ, ನಿಮ್ಮ ಹೆಂಡತಿ ಇದನ್ನು ಹೇಗೆ ದಾಟಿದರು? ಅಕ್ಷರ ಮೊದಲು ಕಲಿಸಲಾ, ಮಾತು ಮೊದಲಾ?

ಶಿರಸಿ_ಮಾಣಿ

ಅವಳನ್ನೇ ಕೇಳಿ ಬರೆಯುತ್ತಿದ್ದೇನೆ. ಅಕ್ಷರ ಬೇಗ ಕಲಿಸಿ ಅನ್ನುತ್ತಾಳೆ, ತಿಂಗಳೊಳಗೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಲ, ಳ ಎರಡೂ ಒಂದೇ ಆಗಿಬಿಡುತ್ತದೆ, ತ, ಟ ಕೂಡ. ಕಣ್ಣಿಗೆ ಬೇರೆ ಕಂಡ ಮೇಲೆ ಕಿವಿಗೂ ಬೇರೆ ಕೇಳಿಸಲು ಶುರುವಾಯಿತಂತೆ. ಳ ಅನ್ನೋಕೆ ನಾಲಿಗೆ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ಮುಟ್ಟಿಸಬೇಕು. ಕನ್ನಡಿ ಮುಂದೆ ನಿಂತು ದಿನಾ ಐದು ನಿಮಿಷ. ಹಲ್ಲು, ಹಾಲು, ಹಳ್ಳ, ಹಾಳು, ಈ ನಾಲ್ಕು ಪದ ಸಾಕು.

ಮತ್ತೆ ಚೀಟಿ ಜೊತೆಗೆ ನಿಮ್ಮ ಅಮ್ಮನ ಫೋನೂ ಕೊಡಿ ಅಂತಾಳೆ. ವಾರಕ್ಕೆ ಹತ್ತು ನಿಮಿಷ. ನೀವು ಆ ಕೋಣೆಯಲ್ಲಿ ಇರಬೇಡಿ.